೧೮೪೧ರ ಇಂಗ್ಲೆಂಡಿನ ಜನಗಣತಿ ಪುಸ್ತಕಗಳಲ್ಲಿನ ಸಂಕೇತಗಳು

ವಂಶಚರಿತ್ರೆಯ ಶೋಧಕರು ಹಳೆಯ ಜನಗಣತಿಯ ಪುಟಗಳಲ್ಲಿ ಮೊದಲು ಅರಸುವುದು ಹೆಸರನ್ನು. ಹೆಸರಿನ ಸುತ್ತಲಿನ ಗೆರೆ, ಅಕ್ಷರ, ಅಂಕಿಗಳನ್ನು ಬರೆದವರಿಗಾದರೋ ಇದ್ದುದು ಎಣಿಕೆಯ ಚಿಂತೆ, ಕುಲದ ಚಿಂತೆಯಲ್ಲ. ಈ ಭೇದವನ್ನು ಮರೆತರೆ ಎಂತಹ ಪ್ರಮಾದಗಳುಂಟಾಗುವುವೆಂಬುದಕ್ಕೆ ೧೮೪೧ರ ಇಂಗ್ಲೆಂಡಿನ ಗಣತಿ ಒಳ್ಳೆಯ ನಿದರ್ಶನ.

ಆ ವರ್ಷದ ಜೂನ್ ೬ರ ರಾತ್ರಿ ಮನೆಯಲ್ಲಿ ತಂಗಿದ್ದವರ ವಿವರಗಳುಳ್ಳ ಮೂಲಪತ್ರಗಳು ಉಳಿದುಬಂದಿಲ್ಲ. ನಮಗೆ ದೊರೆಯುವುದು ಗಣತಿದಾರರು ಅವುಗಳಿಂದ ನಕಲು ಮಾಡಿದ ಪುಸ್ತಕಗಳು. ಅವುಗಳಲ್ಲಿ ಒಂದು ಓರೆಗೆರೆಯಿದ್ದರೆ ಒಂದು ಸಂಸಾರ ಮುಗಿಯಿತೆಂದೂ, ಎರಡಿದ್ದರೆ ಮನೆಯೇ ಮುಗಿಯಿತೆಂದೂ ಅರ್ಥ. ನಮ್ಮ ಹಿರಿಯರು ಜನಗಣತಿಯನ್ನು ಖಾನೇಷುಮಾರಿ, ಎಂದರೆ ಮನೆಗಳ ಎಣಿಕೆ, ಎಂದು ಕರೆಯುತ್ತಿದ್ದುದು ಇಲ್ಲಿ ನೆನಪಾಗುತ್ತದೆ. ಪರಸ್ಪರ ಬಾಂಧವ್ಯದ ಪ್ರಶ್ನೆ ಸೇರಿದ್ದು ೧೮೫೧ರಲ್ಲಿ. ಆದುದರಿಂದ ೧೮೪೧ರ ಪುಟದಲ್ಲಿ ಒಂದೇ ಗೆರೆಯೊಳಗಿರುವ ಗಂಡಸು ಹೆಂಗಸರು ದಂಪತಿಗಳೆಂಬುದು ನಮ್ಮ ಊಹೆಯೇ ಹೊರತು ದಾಖಲೆಯ ಮಾತಲ್ಲ. ಅವರು ಅಣ್ಣತಂಗಿಯರೂ ಆಗಿರಬಹುದು.

ಹೆಚ್ಚು ಮೋಸಗೊಳಿಸುವುದು ವಯಸ್ಸಿನ ಅಂಕಣ. ಹದಿನೈದು ವರ್ಷದೊಳಗಿನವರ ವಯಸ್ಸನ್ನು ಇದ್ದಂತೆಯೇ ಬರೆಯಬೇಕೆಂದೂ, ಅದಕ್ಕೆ ಮೇಲ್ಪಟ್ಟವರದನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಬೇಕೆಂದೂ ಗಣತಿದಾರರಿಗೆ ಸೂಚನೆಯಿತ್ತು. ಅದರಂತೆ ೪೦ ಎಂದು ಬರೆಯಲ್ಪಟ್ಟವನು ೧೭೯೬ರ ಜೂನ್‌ನಿಂದ ೧೮೦೧ರ ಜೂನ್‌ವರೆಗೆ ಯಾವಾಗಲಾದರೂ ಹುಟ್ಟಿರಬಹುದು. ಮೂವತ್ತೊಂದರ ತಮ್ಮನೂ ಮೂವತ್ತನಾಲ್ಕರ ಅಣ್ಣನೂ ಇಬ್ಬರೂ ೩೦ ಎಂದೇ ಕಾಣಿಸಿಕೊಳ್ಳುವರು. ಅವರನ್ನು ಅವಳಿಗಳೆಂದು ವಂಶವೃಕ್ಷದಲ್ಲಿ ಸೇರಿಸುವುದು ಸುಲಭ, ಅನಂತರ ಬಿಡಿಸುವುದು ಕಷ್ಟ. ಸೂಚನೆಯನ್ನು ಎಲ್ಲ ಗಣತಿದಾರರೂ ಪಾಲಿಸಲಿಲ್ಲವೆಂಬುದು ಇನ್ನೊಂದು ತೊಡಕು. ಆದಕಾರಣ ಒಂದು ಹೆಸರನ್ನಲ್ಲದೆ ಆ ಗಣತಿದಾರನ ಹಲವು ಪುಟಗಳನ್ನು ಓದಿ ಅವನ ಅಭ್ಯಾಸವನ್ನು ಅರಿಯುವುದು ಅವಶ್ಯಕ.

ಜನ್ಮಸ್ಥಳದಲ್ಲಿ ಅದೇ ಕೌಂಟಿಯವರಿಗೆ 'ವೈ', ಅಲ್ಲದವರಿಗೆ 'ಎನ್'; ಸ್ಕಾಟ್ಲೆಂಡಿಗೆ 'ಎಸ್', ಐರ್ಲೆಂಡಿಗೆ 'ಐ', ಪರದೇಶಕ್ಕೆ 'ಎಫ್'. ಈ 'ಎಫ್' ಸ್ತ್ರೀಸೂಚಕವಲ್ಲ. ಉದ್ಯೋಗದ ಅಂಕಣದಲ್ಲಿ 'ಎಫ್. ಎಸ್.' ಎಂದರೆ ಸೇವಕಿ, 'ಇಂಡ್.' ಎಂದರೆ ಸ್ವಂತ ಆದಾಯದಿಂದ ಜೀವಿಸುವವರು. ದೊಡ್ಡಕ್ಷರದ 'ಎಂ' ಕಾರ್ಖಾನೆದಾರನನ್ನು ಸೂಚಿಸಿದರೆ ಚಿಕ್ಕಕ್ಷರದ್ದು, ಪಾದರಕ್ಷೆ ಮಾಡುವವನಂತಹ ಕುಶಲಕರ್ಮಿಯನ್ನು. ಅವಸರದ ಬರಹದಲ್ಲಿ ಒಂದು ಕುಟುಂಬದ ಅಂತಸ್ತು ಅಕ್ಷರದ ಗಾತ್ರವನ್ನೇ ನಂಬಿ ನಿಂತಿರುತ್ತದೆ!

ಶಾಸನವನ್ನು ಓದುವಾಗ ಕಲ್ಲಿನ ಬಿರುಕನ್ನು ಅಕ್ಷರದಿಂದ ಬೇರ್ಪಡಿಸುವಂತೆ, ಇಲ್ಲಿ ಗಣತಿದಾರನ ಕೈಯನ್ನು ಲಂಡನ್ನಿನ ಕಚೇರಿಯ ಗುಮಾಸ್ತನ ಕೈಯಿಂದ ಬೇರ್ಪಡಿಸಬೇಕು. ಪುಸ್ತಕಗಳು ಅಲ್ಲಿಗೆ ಸೇರಿದ ಮೇಲೆ ಲೆಕ್ಕ ಕೂಡಿಸುತ್ತ ಗುಮಾಸ್ತರು ಅಲ್ಲಲ್ಲಿ ಗೆರೆಗಳನ್ನೆಳೆದರು. ಅಂಥ ಗೆರೆ ಉದ್ಯೋಗದ ಮೇಲೆ ಹಾಯ್ದಿದ್ದರೆ ಅವನು ಕೆಲಸವನ್ನು ಕಳೆದುಕೊಂಡನೆಂದಲ್ಲ. ಅವನನ್ನು ಎಣಿಸಿಯಾಯಿತೆಂದಷ್ಟೇ ಅರ್ಥ.