ಹಡಗು ಸಂಚಾರ ದಾಖಲೆಗಳ ಸಂಶೋಧನೆ

ಯಾವ ಹಡಗು ಯಾವಾಗ ಯಾವ ಬಂದರು ಬಿಟ್ಟಿತು, ದಾರಿಯಲ್ಲಿ ಎಲ್ಲಿ ತಂಗಿತು, ಏನನ್ನು ಹೊತ್ತಿತ್ತು ಎಂಬುದನ್ನು ಹಳೆಯ ಕಾಗದಪತ್ರಗಳಿಂದ ಗೊತ್ತುಮಾಡುವ ಇತಿಹಾಸ ಸಂಶೋಧನೆಯ ಒಂದು ಶಾಖೆ. ಇದಕ್ಕೆ ಆಧಾರವಾದ ದಾಖಲೆಗಳು ಹೆಚ್ಚಾಗಿ ಸುಂಕ ವಸೂಲಿಗೆ, ವಿಮೆಯ ಲೆಕ್ಕಕ್ಕೆ, ನಾವಿಕರ ಸಂಬಳಕ್ಕೆ ಬರೆದಿಟ್ಟವು. ಹೀಗಾಗಿ ದುಡ್ಡಿನ ಲೆಕ್ಕಕ್ಕೆ ಸಿಕ್ಕಿದ ಹಡಗುಗಳ ಜಾಡು ಇಂದಿಗೂ ಸಿಗುತ್ತದೆ. ಸಿಗದವುಗಳದು ಬಹುಮಟ್ಟಿಗೆ ಅಳಿಸಿಹೋಗಿದೆ.

ಡೆನ್ಮಾರ್ಕಿನ ಸೌಂಡ್ ಸುಂಕದ ಪುಸ್ತಕಗಳು ಇದಕ್ಕೆ ದೊಡ್ಡ ನಿದರ್ಶನ. ಬಾಲ್ಟಿಕ್ ಸಮುದ್ರಕ್ಕೆ ಹೋಗಿಬರುವ ಹಡಗುಗಳು ಓರೆಸುಂಡ್ ಜಲಸಂಧಿಯಲ್ಲಿ ಡ್ಯಾನಿಶ್ ದೊರೆಗೆ ಸುಂಕ ಕಟ್ಟಬೇಕಿತ್ತು. 1497ರಿಂದ 1857ರವರೆಗಿನ ಈ ಪುಸ್ತಕಗಳಲ್ಲಿ, ಆರಂಭದ ಹಲವು ವರ್ಷಗಳವು ಕಳೆದುಹೋಗಿದ್ದರೂ, ಸುಮಾರು 18 ಲಕ್ಷ ಸಂಚಾರಗಳ ವಿವರ ಉಳಿದಿದೆ. ಕಪ್ತಾನನ ಹೆಸರು, ಅವನ ಊರು, ಕಟ್ಟಿದ ಹಣ ಎಲ್ಲ ಇವೆ, ಹಡಗಿನ ಹೆಸರಿಲ್ಲ. ಸುಂಕದವನಿಗೆ ಅದು ಬೇಕಿರಲಿಲ್ಲ. ಆದ್ದರಿಂದ ಇಲ್ಲಿ ಹಡಗನ್ನು ಹುಡುಕುವವರು ಕಪ್ತಾನನ ಬೆನ್ನು ಹತ್ತಬೇಕು. ಈ ರಾಶಿಯನ್ನು ಕೋಷ್ಟಕಗಳಿಗೆ ಇಳಿಸಿ 1906ರಿಂದ ಪ್ರಕಟಿಸತೊಡಗಿದವರು ನೀನಾ ಬಾಂಗ್. ಅವರು 1924ರಲ್ಲಿ ತಮ್ಮ ದೇಶದ ಶಿಕ್ಷಣ ಸಚಿವರೂ ಆದರು.

ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ನಡೆಸುತ್ತಿದ್ದ ಕಾಫಿ ಅಂಗಡಿ 17ನೆಯ ಶತಮಾನದ ಕೊನೆಗೆ ಹಡಗು ಮಾಲೀಕರು, ವಿಮೆಗಾರರು ಸೇರುವ ಜಾಗವಾಗಿತ್ತು. ಅವನ ಕಾಲಾನಂತರ ಅಲ್ಲಿಂದಲೇ 'ಲಾಯ್ಡ್ಸ್ ಲಿಸ್ಟ್' ಹೊರಟಿತು. ಹಡಗುಗಳ ಆಗಮನ, ನಿರ್ಗಮನ, ಅಪಘಾತಗಳ ಸುದ್ದಿ ಕೊಡುತ್ತಿದ್ದ ಈ ಪತ್ರಿಕೆ 1734ರಲ್ಲಿ ಆರಂಭವಾಯಿತೆಂದು ಎಣಿಕೆ. ಮುದ್ರಿತ ರೂಪದಲ್ಲಿ 2013ರವರೆಗೂ ನಡೆಯಿತು. ಉಳಿದಿರುವ ಅತಿ ಹಳೆಯ ಸಂಚಿಕೆಯ ತಾರೀಖು 1740ರ ಜನವರಿ 2. ಅದು ನಿಜಕ್ಕೂ 1741. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಲ್ಲಿ ಪಂಚಾಂಗ ಬದಲಾಗುವವರೆಗಿನ ಜನವರಿ, ಫೆಬ್ರವರಿಯ ತಾರೀಖುಗಳಲ್ಲಿ ಸಂಶೋಧಕರು ಒಂದು ವರ್ಷ ತಪ್ಪುವುದು ಹೀಗೆ.

ಹಡಗಿನ ಮೇಲೆಯೇ ಬರೆಯುವ ಲಾಗ್ ಪುಸ್ತಕದಲ್ಲಿ ತೊಡಕು ಇನ್ನೂ ಸೂಕ್ಷ್ಮ. ನೆತ್ತಿಯ ಸೂರ್ಯನನ್ನು ಅಳೆದು ಅಕ್ಷಾಂಶ ಕಂಡುಕೊಳ್ಳುತ್ತಿದ್ದ ನಾವಿಕರಿಗೆ ದಿನ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ದಡದವರ ಸೋಮವಾರದ ಸಂಜೆ ಲಾಗ್‌ನಲ್ಲಿ ಮಂಗಳವಾರದ ಕೆಳಗೆ ಕೂರುತ್ತದೆ. ಬ್ರಿಟಿಷ್ ನೌಕಾಪಡೆ 1805ರಲ್ಲಿ ಈ ಪದ್ಧತಿ ಬಿಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಸಾವಿರಾರು ಲಾಗ್‌ಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಗಾಳಿಯ ದಿಕ್ಕು, ಬಿರುಸು ದಿನವೂ ನಮೂದಾಗಿರುವ ಇಂಥ ಪುಟಗಳಿಂದ ಅಮೆರಿಕದ ಮ್ಯಾಥ್ಯೂ ಮೌರಿ 1840ರ ದಶಕದಲ್ಲಿ ಗಾಳಿ ಮತ್ತು ಪ್ರವಾಹಗಳ ನಕ್ಷೆ ಬರೆದ. ಇಂದಿನ ಹವಾಮಾನ ವಿಜ್ಞಾನಿಗಳೂ ಹಳೆಯ ಲಾಗ್‌ಗಳನ್ನು ಅದೇ ಆಸೆಯಿಂದ ತೆರೆಯುತ್ತಾರೆ.

ಒಂದೇ ಹೆಸರಿನ ಹಲವು ಹಡಗುಗಳು, ಮಾರಾಟವಾದಾಗ ಹೆಸರು ಬದಲಿಸುವ ಹಡಗುಗಳು ಮತ್ತೊಂದು ಗೋಜಲು. ಬ್ರಿಟನ್ 1855ರಿಂದ ನೋಂದಾಯಿತ ಹಡಗುಗಳಿಗೆ ಅಧಿಕೃತ ಸಂಖ್ಯೆ ಕೊಟ್ಟು ಅದನ್ನು ಮುಖ್ಯ ತೊಲೆಯ ಮೇಲೆ ಕೊರೆಸಿತು. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಸಂಶೋಧಕರ ಪಾಲಿಗೆ ಹೆಸರಿಗಿಂತ ನಂಬಿಕಸ್ಥ ಗುರುತು ಇದೇ.

ಗಣಕಯಂತ್ರ ಬಂದ ಮೇಲೆ ಚದುರಿದ ದಾಖಲೆಗಳನ್ನು ಪಕ್ಕಪಕ್ಕ ಇಡುವುದು ಸಾಧ್ಯವಾಯಿತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಏಷ್ಯಾ ಯಾನಗಳ ಪಟ್ಟಿ 1979 ಮತ್ತು 1987ರ ನಡುವೆ ಮೂರು ಸಂಪುಟಗಳಲ್ಲಿ ಹೊರಬಂತು. ಡೇವಿಡ್ ಎಲ್ಟಿಸ್ ಮತ್ತು ಸಂಗಡಿಗರು ಅಟ್ಲಾಂಟಿಕ್ ಗುಲಾಮ ಸಾಗಣೆಯ ಯಾನಗಳನ್ನು ಒಂದೆಡೆ ತಂದರು. ಇಂದು ಆ ಸಂಗ್ರಹದಲ್ಲಿ 36,000ಕ್ಕೂ ಹೆಚ್ಚು ಯಾನಗಳಿವೆ. ಮನುಷ್ಯರನ್ನು ಸರಕಾಗಿ ಎಣಿಸಿದ ಲೆಕ್ಕಪುಸ್ತಕಗಳೇ ಆ ಪಾತಕಕ್ಕೆ ಸಾಕ್ಷಿಯಾದವು. ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಮಹತ್ವದ ಕೆಲಸ ಇನ್ನೊಂದಿಲ್ಲ.

ಕನ್ನಡ ಕರಾವಳಿಯ ಹಡಗುಗಳ ಜಾಡು ಸಿಗುವುದು ಹೆಚ್ಚಾಗಿ ಪರರ ಕಡತಗಳಲ್ಲಿ. 1132ರಿಂದ 1149ರವರೆಗಿನ ಬಹುಕಾಲವನ್ನು ಮಂಗಳೂರಿನ ಸುತ್ತಮುತ್ತ ಕಳೆದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಸಿನಗಾಗ್ ಒಂದರಲ್ಲಿ ದೊರೆತವು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯ ಆ ಪತ್ರಗಳಿಂದ ಕರಿಮೆಣಸು, ಕಬ್ಬಿಣ ಏಡನ್‌ಗೆ ಹೋಗಿ ಕಾಗದ, ಸಕ್ಕರೆ ಇತ್ತ ಬಂದದ್ದು ತಿಳಿಯುತ್ತದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿನ ವ್ಯಾಪಾರಿ ಹಡಗುಗಳಿಗೆ 'ಕಾರ್ತಾಜ್' ಎಂಬ ರಹದಾರಿಯನ್ನು ಕಡ್ಡಾಯ ಮಾಡಿದರು. ನಾಖುದನ (ಕಪ್ತಾನನ) ಹೆಸರು, ಹಡಗಿನ ಗಾತ್ರ, ಆಯುಧ, ಹೋಗುವ ಬಂದರು ಅದರಲ್ಲಿರುತ್ತಿದ್ದವು. ದಬ್ಬಾಳಿಕೆಯ ಕಾಗದವಾದರೂ ಬಸರೂರು, ಭಟ್ಕಳ, ಹೊನ್ನಾವರಗಳಂಥ ಬಂದರುಗಳ ಸಂಚಾರ ಅರಿಯಲು ಅಂಥ ಪತ್ರಗಳೂ ಗೋವೆಯ ಕಡತಗಳೂ ಬೇಕೇ ಬೇಕು. ಲಾಗ್ ಬರೆಯುವ ರೂಢಿಯಿಲ್ಲದೆ ದಡ ಹಿಡಿದು ಸಾಗುತ್ತಿದ್ದ ಮಂಜಿ, ಪತ್ತೆಮಾರಿ ಎಂಬ ನಾಡಹಡಗುಗಳನ್ನು ಮಾತ್ರ ಸುಂಕದ ಕಟ್ಟೆಯ ಲೆಕ್ಕ, ವರ್ತಕರ ಕಡತ ಮತ್ತು ಅವನ್ನು ನಡೆಸುತ್ತಿದ್ದ ತಂಡೇಲರ ಮನೆತನಗಳ ನೆನಪುಗಳಿಂದ ಹೆಕ್ಕಬೇಕಾಗುತ್ತದೆ.