ಸಾಧನದಲ್ಲೇ ಚಿತ್ರ ತಪಾಸಣೆ

ಬಳಕೆದಾರರ ಫೋನ್, ಟ್ಯಾಬ್ಲೆಟ್ ಅಥವಾ ಕಂಪ್ಯೂಟರಿನಲ್ಲಿರುವ ಚಿತ್ರಗಳನ್ನು ಆ ಸಾಧನದೊಳಗೇ ಪರೀಕ್ಷಿಸಿ, ಕಾನೂನುಬಾಹಿರವೆಂದು ಕಂಡವನ್ನು ಕಂಪನಿಗೋ ಅಧಿಕಾರಿಗಳಿಗೋ ತಿಳಿಸುವ ತಂತ್ರಕ್ಕೆ ಕ್ಲೈಂಟ್-ಸೈಡ್ ಸ್ಕ್ಯಾನಿಂಗ್ ಎನ್ನುತ್ತಾರೆ. ಇದರ ಬಗೆಗಿನ ಚರ್ಚೆ ಬಹುಪಾಲು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಸುತ್ತ ನಡೆದಿದೆ. ಕಂಪನಿಯ ಸರ್ವರ್‌ಗೆ ಬಂದ ಚಿತ್ರಗಳ ತಪಾಸಣೆ ಕನಿಷ್ಠ 2009ರಷ್ಟು ಹಳೆಯದು. ತಪಾಸಣೆಯ ಜಾಗ ಸರ್ವರ್‌ನಿಂದ ಬಳಕೆದಾರರ ಕೈಯಲ್ಲಿರುವ ಫೋನಿಗೆ ಬದಲಾಗಬಹುದೇ ಎಂಬ ಪ್ರಶ್ನೆ 2021ರ ಆಗಸ್ಟ್‌ನಲ್ಲಿ ಆ್ಯಪಲ್ ಕಂಪನಿಯ ಪ್ರಕಟಣೆಯೊಂದರಿಂದ ಸಾರ್ವಜನಿಕ ವಿವಾದವಾಯಿತು.

ಹಿನ್ನೆಲೆ

ಅಮೆರಿಕದಲ್ಲಿ 1984ರಲ್ಲಿ ಸ್ಥಾಪನೆಯಾದ, ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ (ಎನ್‌ಸಿಎಂಇಸಿ) 1998ರಿಂದ ಸೈಬರ್‌ಟಿಪ್‌ಲೈನ್ ಎಂಬ ದೂರು ವ್ಯವಸ್ಥೆಯನ್ನು ನಡೆಸುತ್ತಿದೆ. ಇಂಥ ಚಿತ್ರ ತಮ್ಮ ಗಮನಕ್ಕೆ ಬಂದರೆ ಕಂಪನಿಗಳು ಈ ಕೇಂದ್ರಕ್ಕೆ ವರದಿ ಮಾಡಲೇಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಆದರೆ ಹುಡುಕಲೇಬೇಕೆಂದು ಹೇಳುವುದಿಲ್ಲ. ಇದು ಶಾಸನ ಬರೆದವರು ಮರೆತುಬಿಟ್ಟ ಸಂಗತಿಯಲ್ಲ. ಸರ್ಕಾರವೇ ಹುಡುಕಾಟವನ್ನು ಕಡ್ಡಾಯ ಮಾಡಿದರೆ ಕಂಪನಿಯು ಸರ್ಕಾರದ ಪರವಾಗಿ ಶೋಧ ನಡೆಸಿದಂತಾಗುತ್ತದೆ. ಆಗ ಸಂವಿಧಾನದ ನಾಲ್ಕನೆಯ ತಿದ್ದುಪಡಿಯಂತೆ ವಾರಂಟ್ ಇಲ್ಲದ ಆ ಶೋಧದ ಸಾಕ್ಷ್ಯವೇ ನ್ಯಾಯಾಲಯದಲ್ಲಿ ಬಿದ್ದುಹೋಗುವ ಅಪಾಯವಿದೆ. ಕೇಂದ್ರವೂ ಸರ್ಕಾರಿ ಸಂಸ್ಥೆಯಂತೆಯೇ ಎಂದು 2016ರಲ್ಲಿ ಹತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ ಈ ಎಚ್ಚರ ಇನ್ನಷ್ಟು ಹೆಚ್ಚಿತು.

ಹೀಗೆ ಹುಡುಕಾಟ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಯಿತು. ಇದರ ಫಲವಾಗಿ 2020ರಲ್ಲಿ ಫೇಸ್‌ಬುಕ್ ಸುಮಾರು 2.03 ಕೋಟಿ ವರದಿಗಳನ್ನು ಕಳಿಸಿದರೆ, ಆ್ಯಪಲ್ ಕಳಿಸಿದ್ದು 265. ಫೇಸ್‌ಬುಕ್‌ನಲ್ಲಿ ಅಪರಾಧ ಅಷ್ಟು ಪಟ್ಟು ಹೆಚ್ಚು ಎಂದು ಇದರಿಂದ ತೀರ್ಮಾನಿಸಲಾಗದು. ಒಂದು ಕಂಪನಿ ಹುಡುಕುತ್ತಿತ್ತು, ಇನ್ನೊಂದು ಬಹುಮಟ್ಟಿಗೆ ಹುಡುಕುತ್ತಿರಲಿಲ್ಲ. ಆದರೂ ಆ್ಯಪಲ್ ಮೇಲೆ ಒತ್ತಡ ಬೀಳಲು ಈ ಅಂತರ ದೊಡ್ಡ ಕಾರಣವಾಯಿತೆಂದು ತೋರುತ್ತದೆ.

ಹ್ಯಾಶ್ ಹೊಂದಿಸುವ ತಂತ್ರ

ವಿವಾದ ಅರ್ಥವಾಗಬೇಕಾದರೆ ತಂತ್ರದ ಒಳಗನ್ನು ನೋಡಬೇಕು. ಕಡತವೊಂದನ್ನು ಗುರುತಿಸಲು ಎಸ್‌ಎಚ್‌ಎ-256ನಂಥ ಗೂಢಲಿಪಿ ಹ್ಯಾಶ್ ಸಾಕಾಗುತ್ತದೆ. ಆದರೆ ಚಿತ್ರದ ಒಂದೇ ಒಂದು ಪಿಕ್ಸೆಲ್ ಬದಲಾದರೂ ಈ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವಾಗ ಚಿತ್ರ ಕುಗ್ಗಿದರೂ ಸಾಕು, ಹಳೆಯ ಹ್ಯಾಶ್ ಕೆಲಸಕ್ಕೆ ಬಾರದು. ಅದಕ್ಕಾಗಿ ಚಿತ್ರ ಕಣ್ಣಿಗೆ ಒಂದೇ ಆಗಿ ಕಂಡರೆ ಹ್ಯಾಶ್ ಕೂಡ ಒಂದೇ, ಇಲ್ಲವೇ ಹತ್ತಿರ, ಆಗಿರುವಂಥ ಲೆಕ್ಕ ಬೇಕಾಯಿತು. ಇದು ಪರ್ಸೆಪ್ಚುವಲ್ ಹ್ಯಾಶ್.

ಇವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ರೂಪಿಸಿದ ಫೋಟೋಡಿಎನ್‌ಎ. ಮೊದಲು ಚಿತ್ರದ ಬಣ್ಣ ತೆಗೆದು ಕಪ್ಪುಬಿಳುಪು ಮಾಡುತ್ತಾರೆ. ನಿಗದಿತ ಸಣ್ಣ ಅಳತೆಗೆ ಕುಗ್ಗಿಸಿ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕದಲ್ಲಿ ಬೆಳಕು ಯಾವ ದಿಕ್ಕಿಗೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಅಳೆಯುತ್ತಾರೆ. ಕೊನೆಗೆ ಉಳಿಯುವುದು 144 ಸಂಖ್ಯೆಗಳ ಒಂದು ಸಾಲು. ಎರಡು ಸಾಲುಗಳ ಅಂತರ ನಿಗದಿತ ಮಿತಿಗಿಂತ ಕಡಿಮೆ ಇದ್ದರೆ ಚಿತ್ರಗಳು ಒಂದೇ ಎಂದು ಲೆಕ್ಕ. ಫೇಸ್‌ಬುಕ್ 2011ರಲ್ಲಿ ಇದನ್ನು ಅಳವಡಿಸಿಕೊಂಡಿತು. 2019ರಲ್ಲಿ ಪಿಡಿಕ್ಯು ಎಂಬ ತನ್ನದೇ 256 ಬಿಟ್‌ಗಳ ಹ್ಯಾಶನ್ನು ಮುಕ್ತವಾಗಿ ಪ್ರಕಟಿಸಿತು.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ಹ್ಯಾಶ್ ತಂತ್ರ ಗುರುತಿಸುವುದು ಈಗಾಗಲೇ ಪಟ್ಟಿಯಲ್ಲಿರುವ ಚಿತ್ರದ ಪ್ರತಿಗಳನ್ನು ಮಾತ್ರ. ನಿನ್ನೆ ತೆಗೆದ ಹೊಸ ಚಿತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ಹೊಸದನ್ನು ಹುಡುಕಬೇಕಾದರೆ ಯಂತ್ರಕಲಿಕೆಯ ವರ್ಗೀಕಾರಕ ಬೇಕು, ಮತ್ತು ಅದು ಮಾಡುವುದು ಊಹೆ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ 2021ರಲ್ಲಿ ತನ್ನ ಪುಟ್ಟ ಮಗನ ಜನನಾಂಗದ ಬಾವನ್ನು ವೈದ್ಯರಿಗೆ ತೋರಿಸಲು ಫೋಟೋ ತೆಗೆದರು. ಗೂಗಲ್‌ನ ವ್ಯವಸ್ಥೆ ಅದನ್ನು ಶೋಷಣೆಯ ಚಿತ್ರವೆಂದು ಗುರುತಿಸಿತು. ಪೊಲೀಸರು ತನಿಖೆ ಮಾಡಿ ಅಪರಾಧವೇನೂ ಇಲ್ಲವೆಂದರು. ಆದರೂ ಅವರ ಇಮೇಲ್, ಫೋಟೋ, ಸಂಪರ್ಕಗಳಿದ್ದ ಖಾತೆ ಮರಳಿ ಸಿಗಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ 2022ರಲ್ಲಿ ವರದಿ ಮಾಡಿತು. ಇದು ಸರ್ವರ್ ತಪಾಸಣೆಯ ಪ್ರಕರಣ. ಆದರೆ ವರ್ಗೀಕಾರಕ ಫೋನಿನೊಳಗೆ ಬಂದರೆ ಏನಾಗಬಹುದು ಎಂಬುದಕ್ಕೆ ಸಾಮಾನ್ಯವಾಗಿ ಇದನ್ನೇ ಉದಾಹರಿಸುತ್ತಾರೆ.

ಆ್ಯಪಲ್ ಯೋಜನೆ, 2021

ಆಗಸ್ಟ್ 5ರಂದು ಆ್ಯಪಲ್ ಮೂರು ಕ್ರಮಗಳನ್ನು ಒಟ್ಟಿಗೆ ಪ್ರಕಟಿಸಿತು: ಮಕ್ಕಳ ಮೆಸೇಜ್‌ಗಳಲ್ಲಿ ನಗ್ನ ಚಿತ್ರ ಬಂದರೆ ಮಸುಕಾಗಿಸಿ ಎಚ್ಚರಿಸುವುದು, ಸಿರಿ ಮತ್ತು ಹುಡುಕಾಟದಲ್ಲಿ ನೆರವಿನ ಮಾಹಿತಿ ಕೊಡುವುದು, ಹಾಗೂ ಐಕ್ಲೌಡ್‌ಗೆ ಹೋಗುವ ಫೋಟೋಗಳನ್ನು ಐಫೋನಿನಲ್ಲೇ ಹೊಂದಿಸಿ ನೋಡುವುದು. ಮೂರನ್ನೂ ಒಂದೇ ದಿನ ಹೇಳಿದ್ದರಿಂದ ಜನರಲ್ಲಿ ಗೊಂದಲವಾಯಿತು. ವಿವಾದದ ಕೇಂದ್ರ ಮೂರನೆಯದು. ಅದು ಮೊದಲು ಅಮೆರಿಕದಲ್ಲಿ ಮಾತ್ರ ಜಾರಿಯಾಗಬೇಕಿತ್ತು.

ಇದರ ಗೂಢಲಿಪಿ ರಚನೆ ಈ ಕ್ಷೇತ್ರದಲ್ಲಿ ಈವರೆಗೆ ಬಂದ ಅತ್ಯುತ್ತಮ ವಿನ್ಯಾಸಗಳಲ್ಲಿ ಒಂದಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನ್ಯೂರಲ್‌ಹ್ಯಾಶ್ ಎಂಬ ನರಜಾಲ ಮೊದಲು ಚಿತ್ರವನ್ನು 128 ಸಂಖ್ಯೆಗಳ ಸದಿಶವಾಗಿ ಬದಲಿಸುತ್ತದೆ. ಆ ಅವಕಾಶದಲ್ಲಿ 96 ಸಮತಲಗಳನ್ನು ಮೊದಲೇ ನಿಶ್ಚಯಿಸಿಟ್ಟಿರುತ್ತಾರೆ. ಸದಿಶವು ಪ್ರತಿ ಸಮತಲದ ಯಾವ ಬದಿಗೆ ಬೀಳುತ್ತದೆ ಎಂಬುದಕ್ಕೆ ಸೊನ್ನೆ ಅಥವಾ ಒಂದು. ಹೀಗೆ 96 ಬಿಟ್‌ಗಳ ಹ್ಯಾಶ್ ಸಿಗುತ್ತದೆ. ಫೋಟೋಡಿಎನ್‌ಎ ಹಾಗೆ ಇಲ್ಲಿ ಅಂತರ ಅಳೆಯುವುದಿಲ್ಲ. 96 ಬಿಟ್‌ಗಳೂ ತಾಳೆಯಾಗಬೇಕು, ಏಕೆಂದರೆ ಮುಂದಿನ ಗೂಢಲಿಪಿ ಹಂತಕ್ಕೆ ಸಮಾನತೆಯೊಂದೇ ಅರ್ಥವಾಗುತ್ತದೆ.

ಆ ಹಂತ ಹೀಗಿದೆ. ಶೋಷಣೆಯ ಚಿತ್ರಗಳ ಹ್ಯಾಶ್‌ಗಳನ್ನು ಆ್ಯಪಲ್ ತನ್ನ ರಹಸ್ಯ ಕೀಲಿಯಿಂದ ಎಲಿಪ್ಟಿಕ್ ಕರ್ವ್ ಮೇಲೆ ಮರೆಮಾಡಿ, ಆ ಕೋಷ್ಟಕವನ್ನು ಎಲ್ಲ ಫೋನ್‌ಗಳಿಗೂ ಕಳಿಸುತ್ತದೆ. ಕೋಷ್ಟಕದಲ್ಲಿ ಏನಿದೆ ಎಂದು ಫೋನಿಗೂ ತಿಳಿಯದು, ಬಳಕೆದಾರರಿಗೂ ತಿಳಿಯದು. ಫೋನ್ ತನ್ನ ಚಿತ್ರದ ಹ್ಯಾಶ್ ಸೂಚಿಸುವ ಸ್ಥಾನದ ನಮೂದನ್ನು ತೆಗೆದುಕೊಂಡು, ಅದರಿಂದ ಒಂದು ಕೀಲಿ ಸಿದ್ಧಪಡಿಸಿ, ಚಿತ್ರದ ಜೊತೆ ಸೇಫ್ಟಿ ವೋಚರ್ ಎಂಬ ಮುಚ್ಚಿದ ಚೀಟಿಯೊಂದನ್ನು ಕಳಿಸುತ್ತದೆ. ಹ್ಯಾಶ್ ನಿಜವಾಗಿಯೂ ಪಟ್ಟಿಯಲ್ಲಿದ್ದರೆ ಮಾತ್ರ ಸರ್ವರ್ ತನ್ನ ರಹಸ್ಯದ ನೆರವಿನಿಂದ ಅದೇ ಕೀಲಿಯನ್ನು ಪಡೆದು ಹೊರ ಪದರ ತೆರೆಯಬಲ್ಲದು. ತಾಳೆಯಾಯಿತೋ ಇಲ್ಲವೋ ಎಂಬುದು ಫೋನಿಗೆ ಗೊತ್ತಾಗುವುದೇ ಇಲ್ಲ.

ಒಳ ಪದರ ತೆರೆಯಲು ಇನ್ನೊಂದು ಷರತ್ತು. ಆದಿ ಶಮೀರ್ 1979ರಲ್ಲಿ ತೋರಿಸಿದಂತೆ ರಹಸ್ಯವೊಂದನ್ನು ಬಹುಪದೋಕ್ತಿಯಲ್ಲಿ ಅಡಗಿಸಿ, ಅದರ ಮೇಲಿನ ಬಿಂದುಗಳನ್ನು ಹಂಚಬಹುದು. ಎರಡು ಬಿಂದುಗಳಿಂದ ಸರಳರೇಖೆ ನಿಶ್ಚಯವಾಗುವಂತೆ, ನಿಗದಿತ ಸಂಖ್ಯೆಯ ಬಿಂದುಗಳು ಸೇರಿದಾಗ ಮಾತ್ರ ರಹಸ್ಯ ಹೊರಬರುತ್ತದೆ. ಒಂದು ಕಡಿಮೆಯಾದರೂ ಏನೂ ತಿಳಿಯದು. ಪ್ರತಿ ವೋಚರ್‌ನಲ್ಲಿ ಇಂಥ ಒಂದು ಬಿಂದು ಇರುತ್ತಿತ್ತು. ಮಿತಿಯನ್ನು ಮೊದಲಿಗೆ 30 ಚಿತ್ರಗಳೆಂದು ನಿಗದಿ ಮಾಡಿದ್ದರು. ಮಿತಿಗಿಂತ ಕೆಳಗೆ ಎಷ್ಟು ತಾಳೆಯಾಗಿವೆ ಎಂಬ ಎಣಿಕೆಯೂ ಸರ್ವರ್‌ಗೆ ಸಿಗದಂತೆ ಫೋನ್ ಆಗಾಗ ಹುಸಿ ವೋಚರ್‌ಗಳನ್ನು ಬೆರೆಸುತ್ತಿತ್ತು. ಮಿತಿ ದಾಟಿದ ಮೇಲೆ ಸರ್ವರ್‌ನಲ್ಲಿ ಬೇರೊಂದು ಹ್ಯಾಶ್‌ನಿಂದ ಮರುಪರೀಕ್ಷೆ, ಆಮೇಲೆ ಮನುಷ್ಯರಿಂದ ಪರಿಶೀಲನೆ, ಕೊನೆಗೆ ಎನ್‌ಸಿಎಂಇಸಿಗೆ ವರದಿ.

ಹತ್ತು ಕೋಟಿ ಸಾಮಾನ್ಯ ಚಿತ್ರಗಳ ಮೇಲಿನ ಪರೀಕ್ಷೆಯಲ್ಲಿ ಮೂರು ಮಾತ್ರ ತಪ್ಪಾಗಿ ತಾಳೆಯಾದವು ಎಂದು ಆ್ಯಪಲ್ ಹೇಳಿತು. ಲೆಕ್ಕ ಹಾಕುವಾಗ ಹತ್ತು ಲಕ್ಷಕ್ಕೆ ಒಂದರಂತೆ ತಪ್ಪಾಗುತ್ತದೆಂದು ಇನ್ನೂ ಕಟ್ಟುನಿಟ್ಟಾಗಿ ಊಹಿಸಿಕೊಂಡು, ಒಂದು ಖಾತೆ ತಪ್ಪಾಗಿ ಸಿಕ್ಕಿಬೀಳುವ ಸಂಭವ ವರ್ಷಕ್ಕೆ ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಎಂಬ ತೀರ್ಮಾನಕ್ಕೆ ಬಂದಿತು. ಬೇರೆ ಬೇರೆ ದೇಶಗಳ ಅಧಿಕಾರವ್ಯಾಪ್ತಿಯಲ್ಲಿರುವ ಕನಿಷ್ಠ ಎರಡು ಮಕ್ಕಳ ರಕ್ಷಣಾ ಸಂಸ್ಥೆಗಳ ಪಟ್ಟಿಗಳಲ್ಲೂ ಇರುವ ಹ್ಯಾಶ್‌ಗಳನ್ನಷ್ಟೇ ಬಳಸುವುದಾಗಿ ಕೆಲವು ದಿನಗಳ ನಂತರ ಭರವಸೆ ಕೊಟ್ಟಿತು.

ವಿರೋಧ ಮತ್ತು ಹಿಂತೆಗೆತ

ಎರಡೇ ವಾರಗಳಲ್ಲಿ, ಐಒಎಸ್‌ನಲ್ಲಿ ಆಗಲೇ ಅಡಗಿದ್ದ ನ್ಯೂರಲ್‌ಹ್ಯಾಶ್ ಮಾದರಿಯನ್ನು ಹವ್ಯಾಸಿಗಳು ಹೊರತೆಗೆದರು. ಕೆಲವೇ ಗಂಟೆಗಳಲ್ಲಿ ಒಂದು ನಾಯಿಯ ಫೋಟೋ ಮತ್ತು ಅರ್ಥವಿಲ್ಲದ ಬೂದು ಚುಕ್ಕೆಗಳ ಚಿತ್ರ ಎರಡಕ್ಕೂ ಒಂದೇ ಹ್ಯಾಶ್ ಬರುವಂತೆ ಮಾಡಿ ತೋರಿಸಿದರು. ಇಮೇಜ್‌ನೆಟ್ ಸಂಗ್ರಹದಲ್ಲಿ ಯಾರೂ ತಿದ್ದದ ಮೊಳೆಯ ಚಿತ್ರಕ್ಕೂ ಹಿಮಜಾರು ಹಲಗೆಯ ಚಿತ್ರಕ್ಕೂ ಒಂದೇ ಹ್ಯಾಶ್ ಸಿಕ್ಕಿತು. ಅದು ಅಂತಿಮ ಆವೃತ್ತಿಯಲ್ಲ, ಸರ್ವರ್‌ನ ಎರಡನೆಯ ಹ್ಯಾಶ್ ಇಂಥವನ್ನು ತಡೆಯುತ್ತದೆ ಎಂದು ಆ್ಯಪಲ್ ಉತ್ತರಿಸಿತು. ಆ ಉತ್ತರದಲ್ಲಿ ಹುರುಳಿದೆ. ವಿರುದ್ಧ ದಿಕ್ಕಿನ ದೌರ್ಬಲ್ಯ ಹೆಚ್ಚು ಗಂಭೀರವಾದುದು. ಕಣ್ಣಿಗೆ ಕಾಣದಷ್ಟು ತಿದ್ದುಪಡಿ ಮಾಡಿ ಹ್ಯಾಶ್‌ನಿಂದ ತಪ್ಪಿಸಿಕೊಳ್ಳುವುದು ಎಷ್ಟು ಸುಲಭವೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2022ರಲ್ಲಿ ಹಲವು ಹ್ಯಾಶ್‌ಗಳ ಮೇಲೆ ತೋರಿಸಿದರು. ಜಾಣ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ, ತಪಾಸಣೆ ಉಳಿದವರೆಲ್ಲರ ಫೋನಿನಲ್ಲಿ ಉಳಿಯುತ್ತದೆ.

ಇವೆಲ್ಲಕ್ಕಿಂತ ಮೂಲಭೂತವಾದ ಆಕ್ಷೇಪ ಪಟ್ಟಿಯ ಬಗೆಗಿನದು. ವ್ಯವಸ್ಥೆಗೆ ಗೊತ್ತಿರುವುದು 96 ಬಿಟ್‌ಗಳಷ್ಟೇ. ಅವು ಮಗುವಿನ ಶೋಷಣೆಯ ಚಿತ್ರದವೋ, ಒಂದು ಭಿತ್ತಿಪತ್ರದವೋ, ಯಾವುದೋ ಪಂಗಡದ ಲಾಂಛನದವೋ ಎಂಬುದನ್ನು ಅದು ಹೇಳಲಾರದು. ಮರೆಮಾಡಿದ ಕೋಷ್ಟಕವನ್ನು ತೆರೆದು ನೋಡುವ ದಾರಿ ಬಳಕೆದಾರರಿಗೂ ಇಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೊನಾಥನ್ ಮೇಯರ್ ಮತ್ತು ಅನುನಯ್ ಕುಲಶ್ರೇಷ್ಠ ಇಂಥದೇ ವ್ಯವಸ್ಥೆಯನ್ನು ಮೊದಲೇ ರೂಪಿಸಿ, ಅದು ಅಪಾಯಕಾರಿ ಎಂಬ ತೀರ್ಮಾನಕ್ಕೆ ಬಂದಿದ್ದರು. ಅದನ್ನು ಅವರು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು. ತೊಂಬತ್ತಕ್ಕೂ ಹೆಚ್ಚು ನಾಗರಿಕ ಸಂಘಟನೆಗಳು ಯೋಜನೆ ಕೈಬಿಡಲು ಕೇಳಿದವು. ಅಕ್ಟೋಬರ್‌ನಲ್ಲಿ ವಿಟ್‌ಫೀಲ್ಡ್ ಡಿಫೀ, ರೊನಾಲ್ಡ್ ರಿವೆಸ್ಟ್, ರಾಸ್ ಆ್ಯಂಡರ್‌ಸನ್ ಮೊದಲಾದ ಹದಿನಾಲ್ವರು ತಜ್ಞರು ‘ಬಗ್ಸ್ ಇನ್ ಅವರ್ ಪಾಕೆಟ್ಸ್’ ಪ್ರಬಂಧದಲ್ಲಿ ಈ ವಾದವನ್ನು ವಿಸ್ತರಿಸಿದರು.

ಪಟ್ಟಿ ಬೆಳೆಯುತ್ತದೆಂಬುದು ಬರೀ ಆತಂಕವಲ್ಲ. ಮಕ್ಕಳ ರಕ್ಷಣೆಗೆಂದು ಬಂದ ಹ್ಯಾಶ್ ಹಂಚಿಕೆಯ ಮಾದರಿಯನ್ನು ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್, ಯೂಟ್ಯೂಬ್ 2016ರಲ್ಲೇ ಭಯೋತ್ಪಾದನೆಯ ಸಾಮಗ್ರಿಗೆ ವಿಸ್ತರಿಸಿದ್ದವು. ಮಕ್ಕಳ ಶೋಷಣೆಯ ಚಿತ್ರದ ವ್ಯಾಖ್ಯೆಯಲ್ಲಿ ದೇಶಗಳ ನಡುವೆ ಬಹುಮಟ್ಟಿಗೆ ಒಮ್ಮತವಿದೆ, ಭಯೋತ್ಪಾದನೆಗೆ ಇಲ್ಲ. ಚೀನಾದ ಐಕ್ಲೌಡ್ ದತ್ತಾಂಶ 2018ರಿಂದ ಗ್ವಿಝೌ ಪ್ರಾಂತ್ಯದ ಕಂಪನಿಯ ನಿರ್ವಹಣೆಯಲ್ಲಿರುವುದನ್ನೂ ಟೀಕಾಕಾರರು ನೆನಪಿಸಿದರು.

ಸೆಪ್ಟೆಂಬರ್ 3ರಂದು ಆ್ಯಪಲ್ ಯೋಜನೆಯನ್ನು ಮುಂದೂಡಿತು. 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಅದೇ ವಾರ ಐಕ್ಲೌಡ್ ಫೋಟೋಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಆಯ್ಕೆಯನ್ನು ಘೋಷಿಸಿತು. ಮಕ್ಕಳ ಮೆಸೇಜ್ ಎಚ್ಚರಿಕೆ ಉಳಿಯಿತು. ಅದು ಫೋನಿನಲ್ಲೇ ಕೆಲಸ ಮಾಡುತ್ತದೆ, ಯಾರಿಗೂ ವರದಿ ಕಳಿಸುವುದಿಲ್ಲ.

ಸಂತ್ರಸ್ತರ ಪಕ್ಷ

ಗೋಪ್ಯತೆಯ ಪರ ಬರಹಗಳಲ್ಲಿ ಈ ಭಾಗಕ್ಕೆ ಸಿಗಬೇಕಾದ ಜಾಗ ಸಿಗುತ್ತಿಲ್ಲ. ಚಿತ್ರ ತೆಗೆದ ದಿನದ ಅಪರಾಧ ಅಂದಿಗೆ ಮುಗಿಯುವುದಿಲ್ಲ. ಅದನ್ನು ಇಟ್ಟುಕೊಂಡು ನೋಡುವ ಪ್ರತಿಯೊಬ್ಬರಿಂದಲೂ ಸಂತ್ರಸ್ತರ ನೋವು ಹೆಚ್ಚುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿದೆ. ತಾವು ಬೆಳೆದು ದೊಡ್ಡವರಾದ ಮೇಲೂ ಬಾಲ್ಯದ ಆ ಚಿತ್ರ ಯಾರ ಫೋನಿನಲ್ಲಿದೆಯೋ ಎಂಬ ಭಯದಲ್ಲಿ ಬದುಕುವವರಿಗೆ ಹಳೆಯ ಚಿತ್ರಗಳ ಪ್ರತಿಗಳನ್ನು ಹುಡುಕುವುದೇ ಮುಖ್ಯ. ಹ್ಯಾಶ್ ತಂತ್ರ ಮಾಡುವುದೂ ಅದನ್ನೇ. ಯೋಜನೆ ಕೈಬಿಟ್ಟದ್ದರಿಂದ ತಮಗೆ ಹಾನಿಯಾಯಿತೆಂದು ಸಂತ್ರಸ್ತೆಯೊಬ್ಬರು 2024ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ್ಯಪಲ್ ವಿರುದ್ಧ ದಾವೆ ಹೂಡಿದರು.

ಯುರೋಪ್ ಮತ್ತು ಬ್ರಿಟನ್

ಯುರೋಪಿಯನ್ ಕಮಿಷನ್ 2022ರ ಮೇ 11ರಂದು ಮಂಡಿಸಿದ ಕರಡು, ಎನ್‌ಕ್ರಿಪ್ಟ್ ಆದ ಸಂದೇಶಗಳಲ್ಲೂ ಪತ್ತೆಕಾರ್ಯಕ್ಕೆ ಆದೇಶಿಸಲು ಅವಕಾಶ ಕೊಡುತ್ತಿತ್ತು. ವಿರೋಧಿಗಳು ಅದನ್ನು ‘ಚಾಟ್ ಕಂಟ್ರೋಲ್’ ಎಂದು ಕರೆದರು. 2023ರ ನವೆಂಬರ್‌ನಲ್ಲಿ ಸಂಸತ್ತು ಎನ್‌ಕ್ರಿಪ್ಟ್ ಆದ ಸಂವಹನವನ್ನು ಹೊರಗಿಡುವ ನಿಲುವು ತಳೆಯಿತು. ಸದಸ್ಯ ದೇಶಗಳ ಮಂಡಳಿ 2025ರ ನವೆಂಬರ್‌ನಲ್ಲಿ ಕಡ್ಡಾಯ ಪತ್ತೆಯನ್ನು ಕೈಬಿಟ್ಟ ಪಠ್ಯಕ್ಕೆ ಒಪ್ಪಿತು. ಬ್ರಿಟನ್ನಿನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಲ್ಲಿ ಇಂಥ ಅಧಿಕಾರ ಇದೆ. ತಾಂತ್ರಿಕವಾಗಿ ಸಾಧ್ಯವಾದಾಗ ಮಾತ್ರ ಬಳಸುವುದಾಗಿ ಸರ್ಕಾರ ಹೇಳಿದೆ.

ಭಾರತ

ಎನ್‌ಸಿಎಂಇಸಿಯ 2023ರ ವರದಿಗಳಲ್ಲಿ ಸುಮಾರು 89 ಲಕ್ಷ ಭಾರತಕ್ಕೆ ಸಂಬಂಧಿಸಿದವು. ಜನಸಂಖ್ಯೆ, ಒಂದೇ ಚಿತ್ರದ ಮರುಹಂಚಿಕೆ, ಪ್ರಾಕ್ಸಿ ಬಳಕೆ ಇವನ್ನೆಲ್ಲ ಗಮನದಲ್ಲಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು. ಈ ವರದಿಗಳನ್ನು ಪಡೆಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2019ರಲ್ಲಿ ಆ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಕರ್ನಾಟಕ ಹೈಕೋರ್ಟ್ 2024ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿಯ ಪ್ರಕರಣವೊಂದನ್ನು ರದ್ದುಪಡಿಸಿ, ಅದೇ ತಿಂಗಳು ಆ ಆದೇಶವನ್ನು ಹಿಂಪಡೆಯಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇಂಥ ಚಿತ್ರ ಇಟ್ಟುಕೊಳ್ಳುವುದನ್ನು ಪೋಕ್ಸೊ ಕಾಯ್ದೆಯ 15ನೆಯ ಕಲಮು ಹೇಗೆ ದಂಡನೀಯವಾಗಿಸುತ್ತದೆಂದು ವಿವರಿಸಿ, ಕಂಪನಿಗಳ ವರದಿ ಹೊಣೆಯನ್ನೂ ಬಿಗಿಗೊಳಿಸಿತು.

ಇನ್ನೊಂದು ಬದಿಯಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಬಂದ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದರ ಮೇಲೆ ಬರುವ ಯಾವ ನಿರ್ಬಂಧಕ್ಕೂ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಮತ್ತು ಅನುಪಾತ ಇರಬೇಕು. ಸಾಧನದೊಳಗಿನ ತಪಾಸಣೆ ಈ ಕಟ್ಟಳೆಯ ಮುಂದೆ ನಿಂತರೆ ಕಷ್ಟವಾಗುವುದು ಕೊನೆಯದರಲ್ಲಿಯೇ ಇರಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 4(4)ನೆಯ ನಿಯಮವು ಶೋಷಣೆಯ ಚಿತ್ರಗಳ ಪತ್ತೆಗೆ ಸ್ವಯಂಚಾಲಿತ ಸಾಧನಗಳನ್ನು ಬಳಸಲು ದೊಡ್ಡ ಸಾಮಾಜಿಕ ಮಾಧ್ಯಮ ಕಂಪನಿಗಳು ಪ್ರಯತ್ನಿಸಬೇಕೆನ್ನುತ್ತದೆ. ಅಭಿವ್ಯಕ್ತಿ ಹಾಗೂ ಖಾಸಗಿತನದ ಜೊತೆ ಅನುಪಾತ, ಮನುಷ್ಯರ ಮೇಲ್ವಿಚಾರಣೆ, ನಿಯತ ಪರಿಶೀಲನೆ ಇವನ್ನೂ ಅದೇ ನಿಯಮ ಕೇಳುತ್ತದೆ. ತಪಾಸಣೆಯನ್ನು ಸರ್ವರ್‌ನಲ್ಲಿ ನಡೆಸಬೇಕೋ ಬಳಕೆದಾರರ ಫೋನಿನಲ್ಲೋ ಎಂಬುದನ್ನು ನಿಯಮ ಹೇಳುವುದಿಲ್ಲ.