ಸಾಧಿಸಲಾಗದ ಸತ್ಯ: ಕುರ್ಟ್ ಗೋಡೆಲ್



ರೇಖಾಗಣಿತದ ಪ್ರಶ್ನೆಪತ್ರಿಕೆಯಲ್ಲಿ 'ಸಾಧಿಸಿ' ಎಂಬ ಪದವನ್ನು ನೀವು ಎಷ್ಟೋ ಸಲ ಕಂಡಿದ್ದೀರಿ. ಹೇಳಿಕೆ ನಿಜವಾಗಿದ್ದರೆ ಅದರ ಸಾಧನೆ ಎಲ್ಲೋ ಇದ್ದೇ ಇರುತ್ತದೆ, ಹೊಳೆಯದಿದ್ದರೆ ತಪ್ಪು ನಮ್ಮದು ಎಂದುಕೊಂಡೇ ನಾವೆಲ್ಲ ಓದಿದೆವು. ಬಿ.ಎಸ್ಸಿ. ಮುಗಿಯುವವರೆಗೆ ನಾನೂ ಹಾಗೆಯೇ ನಂಬಿದ್ದೆ. ಈ ನಂಬಿಕೆ ಸರಿಯಲ್ಲವೆಂದು ತೋರಿಸಿಕೊಟ್ಟವರು ಕುರ್ಟ್ ಗೋಡೆಲ್. ಆಗ ಅವರಿಗೆ ಕೇವಲ 24 ವರ್ಷ.

ಗೋಡೆಲ್ ಹುಟ್ಟಿದ್ದು 1906ರ ಏಪ್ರಿಲ್ 28ರಂದು, ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಬ್ರುನ್ ನಗರದಲ್ಲಿ. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಎಲ್ಲದಕ್ಕೂ 'ಏಕೆ?' ಎನ್ನುತ್ತಿದ್ದ ಬಾಲಕನಿಗೆ ಮನೆಯವರು ಇಟ್ಟ ಅಡ್ಡಹೆಸರು 'ಶ್ರೀಮಾನ್ ಏಕೆ'. 1924ರಲ್ಲಿ ಭೌತವಿಜ್ಞಾನ ಓದಲೆಂದು ವಿಯೆನ್ನಾ ವಿಶ್ವವಿದ್ಯಾನಿಲಯ ಸೇರಿದವರು ಗಣಿತದತ್ತ, ಅಲ್ಲಿಂದ ತರ್ಕಶಾಸ್ತ್ರದತ್ತ ಹೊರಳಿದರು.

ಆಗ ಗಣಿತಲೋಕದ ಹಿರಿಯರು ಜರ್ಮನಿಯ ಡೇವಿಡ್ ಹಿಲ್ಬರ್ಟ್. ಕೆಲವು ಸ್ವಯಂಸಿದ್ಧಗಳ ಮೇಲೆ ಇಡೀ ಗಣಿತವನ್ನು ಕಟ್ಟಬೇಕು, ಅದರಲ್ಲಿ ಎಲ್ಲಿಯೂ ಸ್ವವಿರೋಧ ಇಲ್ಲವೆಂದು ಸಾಧಿಸಬೇಕು ಎಂಬುದು ಅವರ ಹಂಬಲ. ಗಣಿತದಲ್ಲಿ ಅರಿಯಲಾಗದ್ದು ಯಾವುದೂ ಇಲ್ಲವೆಂದು 1930ರ ಸೆಪ್ಟೆಂಬರ್‌ನಲ್ಲಿ ಅವರು ಕೋನಿಗ್ಸ್‌ಬರ್ಗ್ ನಗರದಲ್ಲಿ ಸಾರಿದರು. ಅದರ ಹಿಂದಿನ ದಿನವಷ್ಟೇ, ಅದೇ ಊರಿನ ಇನ್ನೊಂದು ಸಭೆಯಲ್ಲಿ, ಗೋಡೆಲ್ ಚುಟುಕಾಗಿ ತಮ್ಮ ಫಲಿತಾಂಶ ತಿಳಿಸಿದ್ದರು!

ಅವರ ಉಪಾಯ ನಿಮಗೆ ಗೊತ್ತಿರುವ ಅಪವರ್ತನದ ಮೇಲೆಯೇ ನಿಂತಿದೆ. ಗಣಿತದ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡಿ. ಒಂದು ಸಾಲಿನ ಮೂರು ಚಿಹ್ನೆಗಳಿಗೆ ಕ್ರಮವಾಗಿ 1, 3, 2 ಬಂದವೆನ್ನಿ. ಇವುಗಳನ್ನು 2, 3, 5 ಎಂಬ ಅವಿಭಾಜ್ಯ ಸಂಖ್ಯೆಗಳ ಘಾತಗಳಾಗಿ ಇಟ್ಟು ಗುಣಿಸಿದರೆ 2 × 27 × 25, ಅಂದರೆ 1350. ಇದನ್ನು ಅಪವರ್ತಿಸಿದರೆ ಮೂಲ ಚಿಹ್ನೆಗಳು ಅದೇ ಕ್ರಮದಲ್ಲಿ ಮರಳಿ ಸಿಗುತ್ತವೆ. ಹೀಗೆ ಪ್ರತಿ ಹೇಳಿಕೆಯೂ, ಪ್ರತಿ ಸಾಧನೆಯೂ ಒಂದೊಂದು ಸಂಖ್ಯೆಯಾಯಿತು. ಸಂಖ್ಯೆಗಳ ಬಗ್ಗೆ ಮಾತನಾಡುವ ಗಣಿತ ಈಗ ತನ್ನ ಬಗ್ಗೆಯೇ ಮಾತನಾಡಬಹುದಾಯಿತು.

ಆಗ ಗೋಡೆಲ್ ಒಂದು ಹೇಳಿಕೆ ಕಟ್ಟಿದರು. ಅದರ ಅರ್ಥ: 'ಈ ಹೇಳಿಕೆಯನ್ನು ಈ ವ್ಯವಸ್ಥೆಯಲ್ಲಿ ಸಾಧಿಸಲಾಗದು.' ಯೋಚಿಸಿ ನೋಡಿ. ಇದನ್ನು ಸಾಧಿಸಿದರೆ ಸುಳ್ಳನ್ನು ಸಾಧಿಸಿದಂತಾಗುತ್ತದೆ. ವ್ಯವಸ್ಥೆಯಲ್ಲಿ ಸ್ವವಿರೋಧ ಇಲ್ಲವಾದರೆ ಹಾಗಾಗದು. ಆದ್ದರಿಂದ ಇದನ್ನು ಸಾಧಿಸಲಾಗದು. ಹೇಳಿಕೆ ಹೇಳುವುದೂ ಅದನ್ನೇ ಅಲ್ಲವೇ? ಅಂದರೆ ಅದು ನಿಜ, ಆದರೆ ಅಲ್ಲಿ ಅದಕ್ಕೆ ಸಾಧನೆಯಿಲ್ಲ. ಅದನ್ನೂ ಸ್ವಯಂಸಿದ್ಧವಾಗಿ ಸೇರಿಸಿಕೊಂಡರೆ ಅಂಥದೇ ಇನ್ನೊಂದು ಹುಟ್ಟುತ್ತದೆ. ಅಷ್ಟೇ ಅಲ್ಲ, ಇಂಥ ವ್ಯವಸ್ಥೆ ತನ್ನಲ್ಲಿ ಸ್ವವಿರೋಧ ಇಲ್ಲವೆಂಬುದನ್ನು ತಾನೇ ಸಾಧಿಸಲಾರದು. 1931ರಲ್ಲಿ ಅಚ್ಚಾದ ಇವೇ ಅಪೂರ್ಣತಾ ಪ್ರಮೇಯಗಳು.

ಇದರಿಂದ ಗಣಿತ ಕುಸಿಯಲಿಲ್ಲ. ಪೈಥಾಗೊರಸನ ಪ್ರಮೇಯದ ಸಾಧನೆ ಇಂದಿಗೂ ಗಟ್ಟಿ. ಯಾಂತ್ರಿಕ ವಿಧಾನದಿಂದ ಏನನ್ನು ಮಾಡಬಹುದು, ಏನನ್ನು ಮಾಡಲಾಗದು ಎಂದು ಇದೇ ದಾರಿಯಲ್ಲಿ ಕೇಳಿದ ಅಲನ್ ಟ್ಯೂರಿಂಗ್, 1936ರಲ್ಲಿ ಗಣಕಯಂತ್ರದ ಮೂಲ ಕಲ್ಪನೆಯನ್ನು ಮುಂದಿಟ್ಟರು.

ಅದೇ ವರ್ಷ ಗೋಡೆಲ್ ಅವರ ಗುರು ಮೊರಿಟ್ಸ್ ಶ್ಲಿಕ್ ವಿಶ್ವವಿದ್ಯಾನಿಲಯದ ಮೆಟ್ಟಿಲ ಮೇಲೆಯೇ ಗುಂಡಿಗೆ ಬಲಿಯಾದರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾಯಿತು. 1940ರಲ್ಲಿ ಗೋಡೆಲ್, ಪತ್ನಿ ಅಡೆಲ್ ಅವರೊಂದಿಗೆ ಸೈಬೀರಿಯಾದ ರೈಲಿನಲ್ಲಿ ಸಾಗಿ, ಪೆಸಿಫಿಕ್ ಸಾಗರ ದಾಟಿ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. ಅಲ್ಲಿ ಐನ್‌ಸ್ಟೈನ್ ಅವರ ಆಪ್ತ ಸ್ನೇಹಿತರು, ವಾಯುವಿಹಾರದ ಸಂಗಾತಿ.

ಆದರೆ ಊಟದಲ್ಲಿ ವಿಷವಿದೆಯೆಂಬ ಭಯ ಗೋಡೆಲ್ ಅವರನ್ನು ಕಾಡತೊಡಗಿತು. ಅಡೆಲ್ ಜೊತೆಯಲ್ಲಿದ್ದು ಉಣಿಸಿದರು. 1977ರಲ್ಲಿ ಆಕೆಯೇ ಆಸ್ಪತ್ರೆ ಸೇರಿದಾಗ ಗೋಡೆಲ್ ಊಟವನ್ನೇ ಬಿಟ್ಟರು. 1978ರ ಜನವರಿ 14ರಂದು ತೀರಿಕೊಂಡಾಗ ಅವರ ತೂಕ ಸುಮಾರು 30 ಕಿಲೋ. ಆ ಭಯ ಸುಳ್ಳೆಂದು ಮಹಾತರ್ಕಜ್ಞನಿಗೆ ಅವರ ತರ್ಕ ತಿಳಿಸಲಿಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಜೀವ ಬೇಕಾಗಿತ್ತು.

'ಸಾಧಿಸಿ' ಎಂದಾಗ ಖಂಡಿತ ಸಾಧಿಸಿ, ಮಿತ್ರರೇ. ಜೊತೆಗೆ, ಬ್ರುನ್ ನಗರದ ಆ ಬಾಲಕನ ಹಾಗೆ 'ಏಕೆ?' ಎಂದು ಕೇಳುವುದನ್ನೂ ಬಿಡಬೇಡಿ.